ಎಡಗೈಗೊಂದು ಎಣ್ಣೆ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಊರಿನಲ್ಲಿರುವ ವೈದ್ಯರ ಸಂಖ್ಯೆ ಒಮ್ಮೆಲೇ ಹೆಚ್ಚುತ್ತದೆ. ಗುಳಿಗೆಯ ಹೆಸರು ಹೇಳುವಾಗ ಜನ ಇನ್ನೂ ಸ್ವಲ್ಪ ತಡವರಿಸುತ್ತಾರೆ, ಹೆಚ್ಚು ಕಡಿಮೆಯಾದರೆ ತಮ್ಮ ತಲೆಗೆ ಬಂದೀತೆಂಬ ಅಂಜಿಕೆ ಇರುತ್ತದೆ. ಎಣ್ಣೆಯ ಮಾತಿಗೆ ಆ ಅಂಜಿಕೆಯೂ ಇಲ್ಲ. ನಮ್ಮ ದಾಂಡೇಲಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಎಣ್ಣೆ ಗೊತ್ತು, ಆ ಎಣ್ಣೆ ತಿಕ್ಕಿಸಿಕೊಂಡು ಎಂಟೇ ದಿನಕ್ಕೆ ಎದ್ದು ಓಡಾಡಿದ ಒಬ್ಬ ಸೋದರಮಾವನೂ ಗೊತ್ತು. ಆ ಸೋದರಮಾವಂದಿರಲ್ಲಿ ಒಬ್ಬನನ್ನಾದರೂ ನೋಡಬೇಕೆಂಬ ನನ್ನ ಆಸೆ ಈವರೆಗೆ ಕೈಗೂಡಿಲ್ಲ. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವನನ್ನು ತಡೆದು ಸಾಸಿವೆ ಎಣ್ಣೆ ಹೇಳಿದವರಿದ್ದಾರೆ. ಗಣೇಶಗುಡಿಯ ಹೋಮ್‌ಸ್ಟೇ ಒಂದರಲ್ಲಿ ಕೆಲಸಕ್ಕಿರುವ ಪರಿಚಯದವನೊಬ್ಬ, ರಾಫ್ಟಿಂಗ್ ಮಾಡಿ ಮೈಕೈ ನೋಯಿಸಿಕೊಂಡು ಬಂದ ಪ್ರವಾಸಿಗರಿಗೆ ತಿಕ್ಕುವ ಎಣ್ಣೆಯನ್ನೇ ತಂದುಕೊಡುವುದಾಗಿ ಹೇಳಿದ. ದುಡ್ಡು ಕೊಟ್ಟು ಹೊಳೆಯ ಕೈಯಲ್ಲಿ ಹೊಡೆಸಿಕೊಂಡವರಿಗೂ ನನ್ನ ಹೆಂಡತಿಗೂ ಇರುವ ವ್ಯತ್ಯಾಸವನ್ನು ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಅವನ ಬಸ್ಸು ಬಂತು.

ನನ್ನ ಹೆಂಡತಿ ಮಹಾದೇವಿಗೆ ಲಕ್ವಾ ಹೊಡೆದು ಏಳು ತಿಂಗಳಾಯಿತು. ಎಡಭಾಗ ಪೂರ್ತಿ ಹೋಗಿತ್ತು. ಕಾಲು ನಿಧಾನಕ್ಕೆ ಮರಳಿತು, ಈಗ ಕೋಲು ಹಿಡಿದು ಜಗಲಿಯವರೆಗೆ ಬರುತ್ತಾಳೆ. ಮಾತಿಗೆ ಏನೂ ಆಗಲಿಲ್ಲ, ಇದನ್ನು ನಾನು ಸಂತೋಷದಿಂದಲೇ ಹೇಳುತ್ತಿದ್ದೇನೆ. ಕೈ ಮಾತ್ರ ಬರಲಿಲ್ಲ. ಬೆರಳುಗಳು ಒಳಗೆ ಮಡಚಿಕೊಂಡು, ಮುಟ್ಟಿದರೂ ಚಿವುಟಿದರೂ ಗೊತ್ತಾಗದಂತೆ, ಎಡಗೈ ಅವಳ ಮಡಿಲಲ್ಲಿ ಬಿದ್ದಿರುತ್ತಿತ್ತು. ಮಗಳು ಮೊದಲ ತಿಂಗಳು ಜೊತೆಗಿದ್ದು, ರಜೆ ಮುಗಿದ ಮೇಲೆ ಮುಂಡಗೋಡದ ತನ್ನ ಶಾಲೆಗೆ ಹೋದಳು. ಸ್ನಾನ ಮಾಡಿಸಲು ಪಕ್ಕದ ಮನೆಯ ಹುಸೇನಬಿ ಬರುತ್ತಾರೆ. ಅನ್ನ, ಚಹಾ, ಗುಳಿಗೆ ಇವು ನನ್ನ ಪಾಲಿಗೆ. ಕೈಗೆ ವ್ಯಾಯಾಮ ಮಾಡಿಸಲು ಆಗ್ನೆಸ್ ಎಂಬ ಫಿಜಿಯೋಥೆರಪಿ ಕಲಿತ ಹೆಣ್ಣುಮಗಳು ಸೋಮವಾರ, ಗುರುವಾರ ಹಳಿಯಾಳದ ಬಸ್ಸಿಗೆ ಬರತೊಡಗಿದಳು. ಹಳಿಯಾಳದ ಆಚೆಗಿನ ಸಿದ್ದಿಯರ ಹಳ್ಳಿಯವಳು, ನಮ್ಮನ್ನು ಕಾಕಾ, ಕಾಕು ಎನ್ನುತ್ತಾಳೆ, ಮತ್ತು ಕಾಕಾನನ್ನು ಬೈಯುವುದಕ್ಕೆ ಹಿಂದೆಮುಂದೆ ನೋಡುವುದಿಲ್ಲ.

ಮೊದಲ ದಿನವೇ ಆಕೆ ನನಗೆ ಸ್ಪಷ್ಟವಾಗಿ ಹೇಳಿದಳು: "ಕಾಕಾ, ವಾರದಾಗ ಎರಡ ದಿನ ನಾ ಬರ್ತೇನಿ. ಉಳದ ಐದ ದಿನ ಮುಂಜಾನಿ, ಸಂಜಿಕಿ ನೀವ ತಿಕ್ಕಬೇಕು. ಬೆರಳ ಒಂದೊಂದ ಬಿಡಿಸಿ ತಿಕ್ಕಬೇಕು. ಕೈ ಜಾರಾಕ ಒಂದೀಟ ಎಣ್ಣಿ ಇದ್ರ ಸಾಕು. ಕೆಲಸ ಮಾಡೂದು ಕೈ, ಎಣ್ಣಿ ಅಲ್ಲ." ಇಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಎಣ್ಣೆ ಎಂಬುದೊಂದೇ. ಅಷ್ಟರಲ್ಲಿ ಮಹಾದೇವಿ ಮಂಚದ ಮೇಲಿಂದ, "ನನಗ ಎಲ್ಲಾ ಎಣ್ಣಿ ಆಗಿಬರೂದಿಲ್ಲವಾ, ಮೈಯೆಲ್ಲಾ ಗಂದಿ ಏಳ್ತಾವ" ಎಂದಳು. ಆಗ್ನೆಸ್ ಚೀಲದಿಂದ ಪೌಡರಿನ ಡಬ್ಬಿ ತೆಗೆದಳು. ಅದರ ವಾಸನೆಗೇ ಮಹಾದೇವಿ ನಾಲ್ಕು ಸಲ ಸೀನಿದಳು. ಕೊನೆಗೆ ಆಗ್ನೆಸ್, ವಾಸನೆ ಬೆರೆಸದ, ಹತ್ತು ಬೇರು ಕುದಿಸದ, ಒಂದೇ ಬೀಜದ ಸಾದಾ ಎಣ್ಣೆ ಹುಡುಕಿ, ಮೊಣಕೈ ಸಂದಿನಲ್ಲಿ ಒಂದು ಹನಿ ಹಚ್ಚಿ ಎರಡು ದಿನ ನೋಡಿ, ಏನೂ ಆಗದಿದ್ದರೆ ಉಪಯೋಗಿಸಿ ಎಂದು ಹೇಳಿ ಅಂದು ಒಣಗೈಯಲ್ಲೇ ತಿಕ್ಕಿ ಹೋದಳು.

ಹೆಂಡತಿಗೆ ಎಣ್ಣೆ ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಮೂವತ್ತೊಂದು ವರ್ಷ ಸಂಸಾರ ಮಾಡಿದ ಮೇಲೆ, ಅದೂ ಅವಳು ಬೇರೆಯವರಿಗೆ ಹೇಳಿದಾಗ. ದೀಪಾವಳಿಯ ಎಣ್ಣೆಸ್ನಾನಕ್ಕೆ ಅವಳು ಹಿಂದೆ ಸರಿದರೆ ನಮ್ಮವ್ವ, "ಈಕಿಗೆ ನಮ್ಮ ಕೈ ಹೊಲಸ ಕಾಣ್ತಾವ" ಎಂದು ಮುಖ ತಿರುಗಿಸುತ್ತಿದ್ದಳು. ಆಮೇಲೆ ಮಹಾದೇವಿ ಸುಮ್ಮನೆ ಬಂದು ಕೂತು ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ಹಬ್ಬ ಮುಗಿದ ಎರಡು ಮೂರು ದಿನ ಉದ್ದ ತೋಳಿನ ಕುಪ್ಪಸ ತೊಟ್ಟು ಓಡಾಡುತ್ತಿದ್ದಳು. ಅದು ಅವಳ ತವರಿನ ಬೈಲಹೊಂಗಲದ ಕಡೆಯ ಫ್ಯಾಷನ್ ಇರಬೇಕೆಂದು ನಾನು ತಿಳಿದಿದ್ದೆ. ಒಮ್ಮೆ ಗೆಳೆಯರ ಮುಂದೆ ಆ ಕುಪ್ಪಸವನ್ನು ಹೊಗಳಿದ್ದೂ ಉಂಟು.

ನಾನು ಕಾಗದದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ರೀಲಿನಿಂದ ತುಂಡು ಹರಿದು ತಂದು, ತೂಗಿ, ಎಳೆದು, ಮಡಿಸಿ, ಬೆಳಕಿಗೆ ಹಿಡಿದು, ಪಾಸು ಇಲ್ಲವೇ ಫೇಲು ಎಂದು ಬರೆಯುವುದು ನನ್ನ ಕೆಲಸವಾಗಿತ್ತು. ಒಂದೇ ಸ್ಯಾಂಪಲ್ ನೋಡಿ ಅವಸರದಿಂದ ಪಾಸು ಮಾಡುವವನನ್ನು ನಾವು ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಹೀಗಾಗಿ ಎಣ್ಣೆ ಆರಿಸುವ ಕೆಲಸಕ್ಕೆ ನನಗಿಂತ ಯೋಗ್ಯ ಮನುಷ್ಯ ಈ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ ಎಂದು ನನಗೆ ಅನ್ನಿಸಿತು. ಹಳಿಯಾಳದ ಗಾಣದಿಂದ ಎಳ್ಳೆಣ್ಣೆ ತರಿಸಿದೆ. ಕೊಬ್ಬರಿ ಎಣ್ಣೆಯಲ್ಲಿ ಎರಡು ಬಗೆ, ಕುಸುಬಿ ಒಂದು. ಹುಸೇನಬಿ ತಮ್ಮ ಮನೆಯ ಕಲೌಂಜಿ, ಅಂದರೆ ಕರಿಜೀರಿಗೆಯ, ಎಣ್ಣೆ ಕೊಟ್ಟರು. ಮಗಳು ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಿಂದ ಒಂದು ಸೀಸೆ ಕಳಿಸಿದಳು, ಮುಚ್ಚಳ ತೆಗೆದರೆ ಓಣಿಯಲ್ಲಿ ಹೋಗುವವರ ನೆಗಡಿ ಬಿಡುವಂಥದ್ದು. ಎಲ್ಲಕ್ಕೂ ನಂಬರು ಕೊಟ್ಟೆ. ನನ್ನ ಮೊಣಕೈ ಸಂದಿನಲ್ಲಿ ಬಾಲ್‌ಪೆನ್ನಿನಿಂದ ಚೌಕ ಬರೆದು, ಚೌಕಕ್ಕೊಂದು ಹನಿ ಹಚ್ಚಿ, ಎರಡೆರಡು ದಿನ ಕಾಯ್ದು, ವಹಿಯಲ್ಲಿ ಬರೆದೆ. "ಏನ್ರಿ ಭಾಯಿಸಾಬ್, ಕೈ ಮ್ಯಾಲ ಲೂಡೋ ಆಡಾಕತ್ತೀರೇನು?" ಎಂದು ಹುಸೇನಬಿ ನಕ್ಕರು. ನನ್ನ ಚರ್ಮಕ್ಕೆ ಯಾವ ಎಣ್ಣೆಯೂ ಏನೂ ಮಾಡಲಿಲ್ಲ. ಎಲ್ಲವೂ ಪಾಸು. ಎಲ್ಲವೂ ಪಾಸಾದರೆ ಆರಿಸುವುದು ಹೇಗೆ? ಮತ್ತೆ ಮೊದಲಿನಿಂದ ಎರಡನೆಯ ಸುತ್ತು ಶುರು ಮಾಡಿದೆ. ಮಹಾದೇವಿ ಆಗಾಗ "ಮುಗೀತೇನ್ರಿ?" ಎಂದು ಕೇಳುತ್ತಿದ್ದಳು. "ಇನ್ನೊಂದೆರಡ ದಿನ" ಎನ್ನುತ್ತಿದ್ದೆ. ಆಗ್ನೆಸ್ ಕೇಳಿದರೂ ಅದೇ ಉತ್ತರ. ಎಣ್ಣೆ ಬರುವುದನ್ನು ಕಾಯುವುದು, ಹಚ್ಚುವುದು, ಬರೆಯುವುದು, ಹೀಗೆ ಎರಡೂವರೆ ತಿಂಗಳು ಹೋದವು.

ಕಡೆಗೆ ಎಳ್ಳೆಣ್ಣೆಯನ್ನು ಆರಿಸಿದೆ. ಅಂದು ಸೋಮವಾರ, ಆಗ್ನೆಸ್ ಬರುವ ದಿನವೇ ಆಗಿತ್ತು. ಅದು ಆಕಸ್ಮಿಕವೆಂದು ಆಗ ನಾನೂ ನಂಬಿದ್ದೆ. "ಟೆಸ್ಟ್ ಮಾಡೀರೇನ್ರಿ ಕಾಕಾ?" ಎಂದು ಕೇಳಿದಳು. "ಎರಡ ಸಲ ಪಾಸಾಗೈತಿ" ಎಂದೆ. ಆಕೆ ಸರಿಯಿದ್ದ ಕೈಯನ್ನೂ ಬಿಡದೆ ಎರಡೂ ಕೈಗಳಿಗೆ ಭುಜದಿಂದ ಮಣಿಕಟ್ಟಿನವರೆಗೆ ಚೆನ್ನಾಗಿ ತಿಕ್ಕಿ ಹೋದಳು. ಮರುದಿನ ಮುಂಜಾನೆ ಚಹಾ ಒಯ್ದು ನೋಡಿದರೆ ಎರಡೂ ಕೈಗಳ ಮೇಲೆ ಕೆಂಪು ಗಂದಿಗಳು ಎದ್ದು, ಒಂದಕ್ಕೊಂದು ಕೂಡಿಕೊಂಡು, ನೋಡಲು ಆಗದ ಹಾಗೆ ಆಗಿತ್ತು.

"ಬಲಗೈ ಭಾಳ ತುರಸಾಕತ್ತೈತ್ರಿ" ಎಂದಳು ಮಹಾದೇವಿ. ಈ ತುರಿಕೆಯ ಕಷ್ಟ ಎಂಥದೆಂದು ಸ್ವಲ್ಪ ವಿವರಿಸಬೇಕು. ತುರಿಸುವುದು ಬಲಗೈ. ಅದನ್ನು ಕೆರೆಯಬೇಕಾದದ್ದು ಎಡಗೈ, ಅದು ಏಳುವಂತಿಲ್ಲ. ಎಡಗೈಯನ್ನು ಕೆರೆಯಲು ಬಲಗೈ ತಯಾರಿದೆ, ಆದರೆ ಎಡಗೈಗೆ ತನ್ನ ಮೈಮೇಲೆ ಏನಾಗಿದೆ ಎಂಬುದೇ ಗೊತ್ತಿಲ್ಲ. ನಾನು ಚಹಾದ ಬಟ್ಟಲು ಕೆಳಗಿಟ್ಟು ಕೇಳಿದೆ: "ಎಡಗೈ? ಒಂದೀಟರ ತುರಸ್ತೈತೇನು?" ಅವಳು ಕಣ್ಣು ಮುಚ್ಚಿಕೊಂಡು ನೋಡಿದಳು. "ಇಲ್ರಿ." "ಇನ್ನೊಮ್ಮೆ ನೋಡು." "ಎಷ್ಟ ಸಲ ನೋಡಿದ್ರೂ ಅಷ್ಟ. ಇಲ್ಲ." ತುರಿಸದ ಎಣ್ಣೆಯನ್ನು ಇಷ್ಟು ದಿನ ಹುಡುಕಿದ ನಾನು, ಆ ಕೈ ಒಂದೇ ಒಂದು ಸಲ ತುರಿಸಲಿ ಎಂದು ಊರ ದೇವರು ದಾಂಡೇಲಪ್ಪನಿಗೆ ಬೇಡಿಕೊಂಡೆ. ತುರಿಸಲಿಲ್ಲ. ನನಗೆ ಅಳು ಬಂತು, ಬಟ್ಟೆ ತೋಯಿಸಿಕೊಂಡು ಬರುವ ನೆಪದಲ್ಲಿ ಬಚ್ಚಲಿಗೆ ಹೋದೆ.

ತಣ್ಣೀರಿನ ಬಟ್ಟೆಯನ್ನು ಅವಳ ಬಲಗೈ ಮೇಲೆ ಒತ್ತುತ್ತಾ ಕೂತೆ. ನೋಯದ ಹಾಗೆ, ಮೆತ್ತಗೆ, ಬಹಳ ಹೊತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಬಲಗೈ ಆದ್ರ ಎಷ್ಟ ಆರಾಮ ಹಿಡಕೊಂಡೀರಿ ನೋಡ್ರಿ" ಎಂದಳು. ನಾನು ಗಡಬಡಿಸಿ, ಇನ್ನು ಕುಸುಬಿ ಎಣ್ಣೆ ನೋಡಬೇಕು, ಅದೂ ಆಗದಿದ್ದರೆ ಕೊಬ್ಬರಿಯ ಎರಡನೆಯ ಬಗೆ ಎಂದು ಶುರು ಮಾಡಿದೆ. ಅವಳು ತಡೆದಳು. "ಎಣ್ಣಿ ಸಿಗೂತನಕ ನೀವು ಕೈ ಮುಟ್ಟೂದಿಲ್ಲ ಅಂತೀರಿ. ಕೈ ಮುಟ್ಟೂದ ಬ್ಯಾಡಾಗೈತಿ, ಅದಕ್ಕ ನಿಮಗ ಎಣ್ಣಿ ಸಿಗವೊಲ್ದು."

ನಾನು ಬಟ್ಟೆಯನ್ನು ಮತ್ತೆ ತಣ್ಣೀರಿಗೆ ಅದ್ದಿದೆ. ಆಸ್ಪತ್ರೆಯಲ್ಲಿದ್ದಾಗ ಒಮ್ಮೆ, ಹಾಸಿಗೆ ಸರಿಪಡಿಸಲೆಂದು ಆ ಎಡಗೈಯನ್ನು ಎತ್ತಿದ್ದೆ. ಅಷ್ಟು ಭಾರವಿರುತ್ತದೆಂದು ನನಗೆ ತಿಳಿದಿರಲಿಲ್ಲ. ಜಾರಿ ಮಂಚದ ಕಬ್ಬಿಣದ ಪಟ್ಟಿಗೆ ಬಡಿಯಿತು, ಠಣ್ಣೆಂದು ಬಳೆಯ ಸದ್ದಾಯಿತು. ಅವಳು ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಲೇ ಇಲ್ಲ. ಅಂದಿನಿಂದ ಆ ಕೈಯೆಂದರೆ ನನಗೆ ಹೆದರಿಕೆ. ರೊಟ್ಟಿ ಬಡಿದ ಕೈ, ನನ್ನ ಬೆನ್ನಿಗೂ ಒಂದೆರಡು ಸಲ ಬಡಿದ ಕೈ, ಈಗ ಯಾರದೋ ಎಂಬಂತೆ ತಣ್ಣಗೆ ಬಿದ್ದಿರುವುದನ್ನು ದಿನಕ್ಕೆರಡು ಸಲ ಹಿಡಿದು ಕೂಡ್ರುವ ಧೈರ್ಯ ನನಗಿರಲಿಲ್ಲ. ಧೈರ್ಯವಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಎಣ್ಣೆ ಸಿಕ್ಕಿಲ್ಲ ಎಂದು ಹೇಳುವುದು ಸುಲಭವಿತ್ತು.

ಗುರುವಾರ ಆಗ್ನೆಸ್ ಬಂದು ಗಂದಿಗಳನ್ನು ನೋಡಿ, "ಪಾಸಾಗೈತಿ ಅಂದ್ರಲ್ಲ, ಯಾರ ಕೈ ಮ್ಯಾಲ ಪಾಸಾಗಿತ್ತು?" ಎಂದಳು. ನಾನು ಅಂಗಿಯ ತೋಳು ಮಡಚಿ ಚೌಕಗಳನ್ನು ತೋರಿಸಿದೆ. ಆಕೆ ಚೌಕಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ, "ಕಾಕೂಗ ಚಷ್ಮಾ ಬೇಕಾದ್ರ ಕಣ್ಣ ನೀವ ತೋರಿಸ್ಕೊಂಡ ಬರ್ತೀರೇನ್ರಿ?" ಎಂದಳು. ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದುಹೋಗಿ, ಇಷ್ಟು ದಿನ ತಿಕ್ಕದೆ ಬಿಟ್ಟದ್ದರಿಂದ ಏನಾದರೂ ಆಗಿದೆಯೇ ಎಂದು ಕೇಳಿದೆ. "ಮೊದಲಿನ ತಿಂಗಳ ಭಾಳ ಮುಖ್ಯ ಅಂತ ನಾ ಹೇಳಿದ್ನೆಲ್ಲ ಕಾಕಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಬಸ್ಸು ಹತ್ತುವಾಗ, ಹೋದದ್ದು ಹೋಯಿತು, ಈಗಲಾದರೂ ಶುರು ಮಾಡಿ ಎಂದಳು.

ಎಣ್ಣೆ ಸಿಕ್ಕದ್ದು ನನ್ನ ಹುಡುಕಾಟದಿಂದಲ್ಲ. ಲ್ಯಾಬಿನಲ್ಲಿ ನನ್ನ ಜೊತೆಗಿದ್ದ ಜೋಯಿಡಾ ಕಡೆಯ ವಿಠು ಗಾವಡಾ ಮಾತಾಡಿಸಲು ಬಂದವನು, ಬಾಳೆಲೆಯಲ್ಲಿ ಸುತ್ತಿದ ಒಂದು ಗಟ್ಟಿ ಉಂಡೆ ಕೊಟ್ಟ. ಮುರುಗಲ, ಅಂದರೆ ಕೋಕಂ ಹಣ್ಣಿನ, ಬೀಜದಿಂದ ತೆಗೆದ ತುಪ್ಪ, ನೋಡಲು ಬಟ್ಟೆ ಸಾಬೂನಿನ ಹಾಗಿತ್ತು. "ನಾವು ಭಿರಂಡೇಲ ಅಂತೇವಿ. ಹಿಮ್ಮಡಿ ಒಡದ್ರೂ ಇದ, ತುಟಿ ಒಡದ್ರೂ ಇದ. ವಾಸನಿ ನಾ, ಏನೂ ನಾ" ಎಂದ; ಅವನ ಕೊಂಕಣಿಯಲ್ಲಿ ನಾ ಎಂದರೆ ಇಲ್ಲ. ಈ ಸಲ ನಾನು ಜಾಣನಾಗಿದ್ದೆ. ನನ್ನ ಮೈಗೆ ಸೋಕಿಸಲಿಲ್ಲ. ಚಮಚದ ತುದಿಯಿಂದ, ಗಂದಿ ಇಳಿದಿದ್ದ ಮಹಾದೇವಿಯ ಬಲ ಮೊಣಕೈ ಸಂದಿಗೇ ಹಚ್ಚಿದೆ. ಒಂದು ದಿನ, ಎರಡು ದಿನ, ಏನೂ ಆಗಲಿಲ್ಲ. ಮೂರನೆಯ ದಿನ ಮುಂಜಾನೆ ನಾನು, ಯಾವುದಕ್ಕೂ ಇನ್ನೊಂದೆರಡು ದಿನ ನೋಡೋಣ ಎನ್ನಲು ಬಾಯಿ ತೆರೆದೆ. ಅವಳು ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

ಅಂದಿನಿಂದ ದಿನಕ್ಕೆರಡು ಸಲ ತಿಕ್ಕುತ್ತಿದ್ದೇನೆ. ಆ ತುಪ್ಪ ತಾನಾಗಿ ಕರಗುವುದಿಲ್ಲ, ಅಂಗೈಗಳ ನಡುವೆ ಬಹಳ ಹೊತ್ತು ಉಜ್ಜಬೇಕು. ಮೊದಲ ವಾರ, ಮತ್ತೆಲ್ಲಿ ಜಾರೀತೋ ಎಂದು ಆ ಕೈಯ ಕೆಳಗೆ ದಿಂಬು ಇಟ್ಟುಕೊಳ್ಳುತ್ತಿದ್ದೆ. ಆಮೇಲೆ ರೂಢಿಯಾಯಿತು. ಮೊಣಕೈ ಈಗ ಸಡಿಲವಾಗಿದೆ, ಮಣಿಕಟ್ಟು ಅರ್ಧ ತಿರುಗುತ್ತದೆ. ಬೆರಳುಗಳು ಬಿಡಿಸಿದರೆ ಬಿಡಿಸಿಕೊಳ್ಳುತ್ತವೆ, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತವೆ. ಇದಕ್ಕಿಂತ ಹೆಚ್ಚಿಗೆ ಬಹುಶಃ ಆಗಲಿಕ್ಕಿಲ್ಲ ಎಂದು ಆಗ್ನೆಸ್ ಮೊನ್ನೆ ಹೇಳಿದಳು. ಮಹಾದೇವಿ "ಆತು ಬಿಡವಾ, ರೊಟ್ಟಿ ಬಡಿಯೂದ ತಪ್ಪಿತು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆ ಎರಡೂವರೆ ತಿಂಗಳು ನನ್ನ ವಹಿಯಲ್ಲಿ ಅಚ್ಚುಕಟ್ಟಾಗಿ, ನಂಬರಿನ ಸಮೇತ ಇವೆ.

ಇನ್ನೊಂದು ವಿಷಯ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಹದಿನೈದು ದಿನದಿಂದ ನನ್ನ ಎರಡೂ ಅಂಗೈಗಳಲ್ಲಿ ಸಣ್ಣ ಸಣ್ಣ ಗಂದಿಗಳೆದ್ದಿವೆ. ಎಳ್ಳು, ಕುಸುಬಿ, ಕಲೌಂಜಿ ಎಲ್ಲವನ್ನೂ ಅರಗಿಸಿಕೊಂಡ ಚರ್ಮಕ್ಕೆ ಮುರುಗಲ ತುಪ್ಪ ಆಗಿಬರುವುದಿಲ್ಲ. ತಡೆಯಲಾರದ ತುರಿಕೆ. ಬಾಗಿಲ ಚೌಕಟ್ಟಿಗೆ ಅಂಗೈ ಉಜ್ಜುವಾಗ ಮಹಾದೇವಿ ನೋಡಿ, "ಏನ್ ಮಾಡಾಕತ್ತೀರಿ?" ಎಂದರೆ, "ಎಣ್ಣಿ ವರಸಾಕತ್ತೇನಿ" ಎಂದುಬಿಟ್ಟೆ. ಆಗ್ನೆಸ್‌ಗೆ ಹೇಳಿದರೆ ಬೇರೆ ಎಣ್ಣೆ ನೋಡಿ ಎನ್ನುತ್ತಾಳೆ. ನೋಡಲು ಹೊರಟರೆ ನಾನು ಎಷ್ಟು ದಿನ ತೆಗೆದುಕೊಳ್ಳುವ ಮನುಷ್ಯ ಎಂಬುದು ನನಗೆ ಈಗ ಗೊತ್ತಿದೆ. ಅದಕ್ಕೇ ಸುಮ್ಮನಿದ್ದೇನೆ. ಆದರೆ ಸುಮ್ಮನಿರುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಅಷ್ಟು ದೊಡ್ಡ ಮನಸ್ಸಿನದಲ್ಲ. ಅವಳ ಎಡಗೈ ಸದಾ ತಣ್ಣಗಿರುತ್ತದೆ. ಅದನ್ನು ಹಿಡಿದು ಗಟ್ಟಿಯಾಗಿ ತಿಕ್ಕುವಾಗ ಮಾತ್ರ ನನ್ನ ಅಂಗೈಗಳ ತುರಿಕೆ ತಣಿಯುತ್ತದೆ. ಹೀಗಾಗಿ ಅರ್ಧ ಗಂಟೆಯ ಕೆಲಸ ಈಗ ಒಂದು ಗಂಟೆಗೆ ಬಂದು ನಿಂತಿದೆ. ಆ ಕೈಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ನಿನ್ನೆ ಸಂಜೆ ಮಹಾದೇವಿ ಬಹಳ ಹೊತ್ತು ನನ್ನನ್ನು ನೋಡಿ, ಕಣ್ಣಲ್ಲಿ ನೀರು ತಂದುಕೊಂಡು, "ಈಗೀಗ ಎಷ್ಟ ಮನಸಿಟ್ಟ ತಿಕ್ಕತೀರಿ" ಎಂದಳು. ನಾನು ತಲೆ ಎತ್ತದೆ ಹೂಂ ಎಂದೆ.