ಕಾಶಿಯಲ್ಲಿ ನಾನು ಬಿಟ್ಟ ಫುಟ್‌ಬಾಲ್ ತಂಡ

ಕಾಶಿಗೆ ಹೋದವರು ತಮಗೆ ಇಷ್ಟವಾದ ಏನನ್ನಾದರೂ ಗಂಗೆಯಲ್ಲಿ ಬಿಟ್ಟು ಬರಬೇಕು ಎಂಬ ಪದ್ಧತಿ ನಮ್ಮ ಕಡೆ ಉಂಟು. ಶಿಕಾಗೋ ಪಕ್ಕದ ನಮ್ಮೂರು ಶಾಮ್‌ಬರ್ಗಿನಿಂದ ಹೊರಡುವ ಮೊದಲೇ ನಾನು ಏನು ಬಿಡಬೇಕೆಂದು ತೀರ್ಮಾನಿಸಿದ್ದೆ. ಹಾಗಲಕಾಯಿ! ಹುಟ್ಟಿದಾಗಿನಿಂದ ಅದನ್ನು ಕಂಡರೆ ನನಗಾಗದು. ಬಿಟ್ಟ ಪುಣ್ಯವೂ ಬರುತ್ತದೆ, ನನ್ನ ತಟ್ಟೆಯಿಂದ ಅದು ಶಾಶ್ವತವಾಗಿ ತೊಲಗುತ್ತದೆ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗುತ್ತ ವಿಮಾನ ಹತ್ತಿದೆ.

ಘಾಟಿನ ಮೆಟ್ಟಿಲ ಮೇಲೆ ಕನ್ನಡದವರೇ ಆದ ಶಾಸ್ತ್ರಿಗಳು ಸಂಕಲ್ಪ ಹೇಳಿಸಿ, "ಏನು ಬಿಡ್ತೀರಿ?" ಎಂದರು. ನಾನು ಭಕ್ತಿಯಿಂದ ಕಣ್ಣು ಮುಚ್ಚಿ "ಹಾಗಲಕಾಯಿ" ಎಂದೆ.

"ರೀ, ಗಂಗಮ್ಮನ ಹತ್ರಾನೂ ಸುಳ್ಳಾ?" ಎಂದಳು ಪಕ್ಕದಲ್ಲಿದ್ದ ಹೆಂಡತಿ ಶೈಲಾ. "ಯಾವತ್ತು ತಿಂದಿದೀರಾ ನೀವು ಹಾಗಲಕಾಯಿ?"

"ಪ್ರಿಯವಾದದ್ದೇ ಆಗಬೇಕು ಸ್ವಾಮಿ," ಎಂದರು ಶಾಸ್ತ್ರಿಗಳು.

ನಮ್ಮ ಹಿಂದೆ ಸರದಿಗೆ ಕಾದಿದ್ದ ಯಾತ್ರಿಕರೆಲ್ಲ ನನ್ನನ್ನೇ ನೋಡುತ್ತಿದ್ದರು. ನನಗೆ ಅದು ಮಾನದ ಪ್ರಶ್ನೆಯಾಯಿತು. ಎದೆ ಉಬ್ಬಿಸಿ, "ಶಿಕಾಗೋ ಫುಟ್‌ಬಾಲ್ ತಂಡ!" ಎಂದುಬಿಟ್ಟೆ.

ಶಾಸ್ತ್ರಿಗಳು ಗಾಬರಿಯಾದರು. "ಅದು ಹಣ್ಣೋ, ಕಾಯೋ?"

"ಎಷ್ಟು ವರ್ಷ ಕಾದ್ರೂ ಹಣ್ಣಾಗದ ಕಾಯಿ, ಬಿಡಿಸಿ ಶಾಸ್ತ್ರಿಗಳೇ," ಎಂದಳು ಶೈಲಾ.

ನನ್ನ ಈ ಮಹಾತ್ಯಾಗದ ಹಿಂದೆ ಒಂದು ಲೆಕ್ಕಾಚಾರವಿತ್ತು. ಅದು ಮಾರ್ಚ್ ತಿಂಗಳು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಫುಟ್‌ಬಾಲ್ ಶುರುವಾಗುವುದು ಸೆಪ್ಟೆಂಬರಿಗೆ. ಆಟವೇ ಇಲ್ಲದ ಕಾಲದಲ್ಲಿ ಆಟ ಬಿಡುವುದೇನು ಕಷ್ಟ? ನಾನು ಬೆರಳು ಮಡಿಸಿ ತಿಂಗಳು ಎಣಿಸುತ್ತಿದ್ದಾಗ ಶೈಲಾ ತನ್ನ ಸರದಿಯಲ್ಲಿ ಏನೋ ಬಿಟ್ಟಳು. ಏನೆಂದು ನಾನು ಕೇಳಲೂ ಇಲ್ಲ.

ಒಂದು ಸಂಗತಿಯನ್ನು ನಾನು ಮರೆತಿದ್ದೆ. ಆ ಆಟದ ಅಸಲಿ ಜಗಳವೆಲ್ಲ ಆಟವಿಲ್ಲದ ತಿಂಗಳುಗಳಲ್ಲೇ ನಡೆಯುತ್ತದೆ. ಯಾರನ್ನು ಕೊಟ್ಟು ಯಾರನ್ನು ತಂದರು, ಯಾರು ಮುನಿಸಿಕೊಂಡರು, ಯಾರ ಮೊಣಕಾಲಿಗೆ ಕತ್ತರಿ ಬಿತ್ತು ಎಂಬುದು ದಿನಾ ಪತ್ರಿಕೆಯಲ್ಲಿ ಬರುತ್ತದೆ. ಆ ಸುದ್ದಿಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ನನ್ನ ಮಗಳು ಅನಘಾಳಿಗೆ ಕನ್ನಡದಲ್ಲಿ ಓದಿ ಹೇಳುವುದು ಎಂಟು ವರ್ಷಗಳಿಂದ ನಡೆದು ಬಂದ ಕ್ರಮ. ಅಮೆರಿಕದಲ್ಲೇ ಹುಟ್ಟಿದ ಹುಡುಗಿ. ಅಕ್ಷರಮಾಲೆ ಹಿಡಿದು ಬಂದರೆ ಓಡಿಹೋಗುತ್ತಿದ್ದವಳು ಫುಟ್‌ಬಾಲ್ ಸುದ್ದಿ ಎಂದರೆ ಕನ್ನಡವನ್ನೂ ಸಹಿಸಿಕೊಳ್ಳುತ್ತಿದ್ದಳು. ಅವಳಿಗಾಗಿ ನಾನು ಶಬ್ದಗಳನ್ನೂ ಕಟ್ಟಿದ್ದೆ. ಚೆಂಡು ಹಂಚುತ್ತ ಆಟ ನಡೆಸುವವನು ಸೂತ್ರಧಾರ. ಅವನ ಮುಂದೆ ಗೋಡೆ ಕಟ್ಟಿ ನಿಲ್ಲುವ ದಢೂತಿಗಳು ದ್ವಾರಪಾಲಕರು. ಗಾಯಗೊಂಡವರ ಪಟ್ಟಿಗೆ 'ಹಾಸಿಗೆ ಹಿಡಿದವರು' ಎಂದು ಹೆಸರು. ಅವಳಿಗೆ ಆಗ ಹದಿನೇಳು. ನಮ್ಮಿಬ್ಬರ ನಡುವೆ ಉಳಿದಿದ್ದ ಮಾತೆಂದರೆ ಅದೊಂದೇ, ಆಗಸ್ಟಿನಲ್ಲಿ ಅವಳು ಕಾಲೇಜಿಗೆಂದು ಮನೆ ಬಿಡುವವಳಿದ್ದಳು.

ಕಾಶಿಯಿಂದ ಬಂದ ಮರುದಿನ ಬೆಳಗ್ಗೆ ಪತ್ರಿಕೆ ಹಿಡಿದು ಓಡಿ ಬಂದಳು. "ಅಪ್ಪ, ರೀಡ್! ಸೂತ್ರಧಾರನ ಬಿಗ್ ನ್ಯೂಸ್ ಇದೆ!"

ನಾನು ಗಂಭೀರವಾಗಿ ಗಂಗೆಯ ವಿಷಯ ತಿಳಿಸಿದೆ.

"ಯು ಗೇವ್ ಅಪ್ ಅವರ್ ಟೀಮ್?" ಎಂದಳು. "ಫಾರ್ ಎ ರಿವರ್? ನನ್ನ ಕೇಳದೇನೆ?"

ಪತ್ರಿಕೆಯನ್ನು ಮಡಿಸಿ ಟೇಬಲ್ ಮೇಲಿಟ್ಟು ಹೋದಳು. ಅಂದಿನಿಂದ ನಮ್ಮ ಸಂಭಾಷಣೆ ಹೀಗೆ ನಡೆಯಿತು. "ತಿಂಡಿ ಆಯ್ತಾ?" "ಯಾ." "ಹೋಮ್‌ವರ್ಕ್ ಆಯ್ತಾ?" "ಯಾ." ಒಂದು ವಾರ ಕಳೆಯುವಷ್ಟರಲ್ಲಿ ನನಗೆ ಮನೆಯೊಳಗೆ ಉಸಿರು ಕಟ್ಟಿದಂತಾಯಿತು.

ಮೊದಲು ಕಳ್ಳದಾರಿ ಹಿಡಿದೆ. ಕೊತ್ತಂಬರಿ ಸೊಪ್ಪು ತರುತ್ತೇನೆಂದು ಇಂಡಿಯನ್ ಸ್ಟೋರಿಗೆ ಹೋಗಿ, ಬಾಗಿಲ ಬಳಿ ಪೇರಿಸಿದ್ದ ಪತ್ರಿಕೆಯ ಕ್ರೀಡಾಪುಟವನ್ನು ನಿಂತಲ್ಲೇ ಮುಗಿಸಿದೆ. ಸುದ್ದಿ ನನಗೇ ತಿಳಿಯದಿದ್ದರೆ ಮಗಳಿಗೆ ಏನು ಹೇಳಲಿ?

"ಒಂದು ಕಟ್ಟು ಕೊತ್ತಂಬರಿಗೆ ಮುಕ್ಕಾಲು ಗಂಟೆ!" ಎಂದ ಶೈಲಾ ನನ್ನ ಕೈ ಹಿಡಿದು ಬೆರಳು ತಿರುಗಿಸಿ ನೋಡಿದಳು. "ಇದ್ಯಾವ ಕೊತ್ತಂಬರಿ ರೀ, ಕೈಗೆಲ್ಲ ಕಪ್ಪು ಮಸಿ ಹತ್ತೋದು?"

ಆಗ ನನಗೆ ಜ್ಞಾನೋದಯವಾಯಿತು. ನಾನು ಬಿಟ್ಟದ್ದು ಶಿಕಾಗೋ ತಂಡವನ್ನು. ಫುಟ್‌ಬಾಲನ್ನು ಬಿಟ್ಟೆನೆಂದು ಯಾರು ಹೇಳಿದರು? ಸಂಕಲ್ಪದಲ್ಲಿ ಶಿಕಾಗೋದ ಹಳೆಯ ಎದುರಾಳಿ ಡೆಟ್ರಾಯಿಟಿನ ಹೆಸರೇ ಇರಲಿಲ್ಲ! ಬದನೆಕಾಯಿ ಬಿಟ್ಟವರು ಬೆಂಡೆಕಾಯಿ ತಿನ್ನುವುದಿಲ್ಲವೇ? ಕೂಡಲೇ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿರುವ ಭಾವಮೈದುನ ಪ್ರಸನ್ನನಿಗೆ ಫೋನ್ ಮಾಡಿ, ಇಂದಿನಿಂದ ನಾನು ಡೆಟ್ರಾಯಿಟ್ ಕಡೆಯವನು ಎಂದು ಘೋಷಿಸಿದೆ. ಕಾರು ಕಂಪನಿಯ ಎಂಜಿನಿಯರ್ ಪ್ರಸನ್ನ ಹತ್ತು ವರ್ಷದಿಂದ ಆ ತಂಡದ ಸೋಲುಗಳನ್ನು ಒಂಟಿಯಾಗಿ ಹೊತ್ತು ಸಣ್ಣಗಾಗಿದ್ದ.

"ಭಾವ, ನಿಜ ಹೇಳ್ತಿದೀರಾ?" ಎಂದ. ನಾಲ್ಕೇ ದಿನದಲ್ಲಿ ನೀಲಿ ಬಣ್ಣದ ಟೋಪಿ ಅಂಚೆಯಲ್ಲಿ ಬಂತು.

ಟೋಪಿ ಹಾಕಿಕೊಂಡು ತಿಂಡಿಗೆ ಕುಳಿತು, "ಅನು, ಕೇಳು, ಡೆಟ್ರಾಯಿಟಿನ ದ್ವಾರಪಾಲಕರು..." ಎಂದು ಉತ್ಸಾಹದಿಂದ ಆರಂಭಿಸಿದೆ. ಅವಳು ಟೋಪಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಬಿಡೋದು ಓಕೆ. ಆದ್ರೆ ದೆಮ್?" ಎಂದು ಸೀರಿಯಲ್ ಬಟ್ಟಲು ಎತ್ತಿಕೊಂಡು ಮಹಡಿ ಹತ್ತಿ ಹೋದಳು. ಮೊದಲು ನನ್ನ ಮೇಲೆ ಮುನಿಸಿತ್ತು, ಈಗ ಮರ್ಯಾದೆಯೂ ಹೋಯಿತು.

ಏಪ್ರಿಲ್ ಕೊನೆಗೆ ಮಿಶಿಗನ್‌ನಲ್ಲಿ ಅವಳು ಸೇರಲಿದ್ದ ಕಾಲೇಜು ನೋಡಲು ಹೊರಟೆವು. ಐದು ಗಂಟೆಯ ಡ್ರೈವ್. ಹಿಂದಿನ ಸೀಟಿನಲ್ಲಿ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ನೋಡುತ್ತಿದ್ದಳು. ಕ್ಯಾಂಟನ್‌ಗೆ ತಲುಪಿದ ಶನಿವಾರವೇ ಡ್ರಾಫ್ಟ್ ದಿನ. ಎಲ್ಲ ತಂಡಗಳೂ ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ ಅದು. ಹೆಚ್ಚು ಸೋತವರಿಗೆ ಸರದಿ ಮೊದಲು ಬರುತ್ತದೆ, ಹಾಗಾಗಿ ಡೆಟ್ರಾಯಿಟ್ ಹೆಚ್ಚು ಕಾಯಬೇಕಾಗಿರಲಿಲ್ಲ. ಪ್ರಸನ್ನ ಬೆಳಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಟಿವಿ ಮುಂದೆ ಕುಳಿತಿದ್ದ.

"ಭಾವ, ಈ ಸಲ ದ್ವಾರಪಾಲಕನೇ ಬರ್ತಾನೆ, ನೋಡ್ತಿರಿ. ಸೂತ್ರಧಾರನ್ನ ಕಾಯೋರೇ ಇಲ್ಲ ನಮ್ಮಲ್ಲಿ."

ಹೆಸರು ಕೂಗಿದರು. ಬಂದವನು ದ್ವಾರಪಾಲಕನಲ್ಲ. ದೂರ ಓಡಿ ಚೆಂಡು ಹಿಡಿಯುವವನು! ಅಂಥವರನ್ನು ಹಿಂದಿನ ವರ್ಷಗಳಲ್ಲೂ ಆರಿಸಿ ಆರಿಸಿ ತಂದಿದ್ದರು. ಪ್ರಸನ್ನ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ನಾನು ಅವನ ಬೆನ್ನು ಸವರಿ ಸಮಾಧಾನ ಹೇಳಬೇಕಿತ್ತು. ಹೇಳಿದೆ ಕೂಡ.

"ಬೇಜಾರು ಮಾಡ್ಕೋಬೇಡ ಪ್ರಸನ್ನ. ನಮ್ಮವರಾಗಿದ್ರೆ ಇಂಥ ದಡ್ಡ ಕೆಲ್ಸ ಮಾಡ್ತಿರಲಿಲ್ಲ!"

ಪ್ರಸನ್ನ ನಿಧಾನವಾಗಿ ತಲೆಯೆತ್ತಿದ. "ನಮ್ಮವರು ಅಂದ್ರೆ ಯಾರು ಭಾವ?"

ನನ್ನ ತಲೆಯ ಮೇಲೆ ಇನ್ನೂ ನೀಲಿ ಟೋಪಿ ಇತ್ತು. ಅನಘಾ ಎಷ್ಟೋ ವಾರಗಳ ನಂತರ ನನ್ನತ್ತ ನೋಡಿ ನಕ್ಕಳು. ಆ ನಗುವಿಗೆ ಹಿಗ್ಗಿ ನಾನು ತಡೆಯಿಲ್ಲದೆ ಶಿಕಾಗೋ ತಂಡದ ಗುಣಗಾನಕ್ಕೆ ತೊಡಗಿದೆ. ಕೊತ್ತಂಬರಿಯ ನೆಪದಲ್ಲಿ ಓದಿದ್ದೆಲ್ಲ ಹೊರಬಂತು. ಅಷ್ಟರಲ್ಲಿ ಪ್ರಸನ್ನ ಎದ್ದು ಟೋಪಿಯನ್ನು ವಾಪಸ್ ತೆಗೆದುಕೊಂಡ.

ಆಮೇಲೆ, ಮನೆಗೆ ಬಂದವರ ಮರ್ಯಾದೆ ಬಿಡಬಾರದೆಂದು ಅವನೇ ಕಾಫಿ ಬೆರೆಸಿ ತಂದ. ಶೈಲಾ ಲೋಟ ಮುಟ್ಟಲಿಲ್ಲ.

"ಅಕ್ಕ, ನಿಂಗೆ ಕಾಫಿ ಬೇಡ್ವಾ?" ಪ್ರಸನ್ನನಿಗೆ ನಂಬಿಕೆಯಾಗಲಿಲ್ಲ. ಮೈಸೂರಿನಿಂದ ಬರುವಾಗ ಸೀರೆಗಿಂತ ಮೊದಲು ಫಿಲ್ಟರನ್ನು ಪೆಟ್ಟಿಗೆಗಿಟ್ಟವಳು ಅವಳು.

"ಕಾಶಿಲಿ ಬಿಟ್ಟೆ ಕಣೋ. ಅನು ದೂರ ಹೋಗ್ತಾಳಲ್ಲ, ಚೆನ್ನಾಗಿರಲಿ ಅಂತ."

ತಿಂಗಳ ಮೇಲಾಗಿತ್ತು. ದಿನಾ ಬೆಳಗ್ಗೆ ನನಗೆ ಕಾಫಿ ಕೊಟ್ಟು ತಾನು ಬಿಸಿನೀರು ಕುಡಿಯುತ್ತಿದ್ದಳು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅವಳು ಮಗಳಿಗಾಗಿ ಜೀವದಷ್ಟು ಪ್ರಿಯವಾದದ್ದನ್ನು ಬಿಟ್ಟಿದ್ದಳು. ನಾನು ಪುಕ್ಕಟೆ ಪುಣ್ಯಕ್ಕೆ ಆಸೆಪಟ್ಟು ಮಗಳ ಮಾತನ್ನೇ ಬಿಟ್ಟು ಬಂದಿದ್ದೆ, ಅದನ್ನೂ ಸರಿಯಾಗಿ ಬಿಡಲಾಗಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ವಾಪಸ್ ಬರುವಾಗ ದಾರಿಯಲ್ಲಿ, "ನಾನೂ ಕಾಫಿ ಬಿಡ್ತೀನಿ ಕಣೇ," ಎಂದೆ.

"ಬೇಡಿ. ಬಿಡೋದು ನಿಮ್ಮ ಕೈಲಾಗಲ್ಲ," ಎಂದಳು ಶೈಲಾ. "ಅದರ ಬದಲು ಹಿಡ್ಕೊಳ್ಳಿ. ವಾರಕ್ಕೆರಡು ಸಲ ಹಾಗಲಕಾಯಿ ಮಾಡ್ತೀನಿ, ತಪ್ಪುಕಾಣಿಕೆ ಅಂತ ತಿನ್ನಿ."

"ಮತ್ತೆ ತಂಡ?"

"ಅದು ಗಂಗಮ್ಮನಿಗೆ ಹೇಳಿದ ಮಾತು. ನೋಡಂಗಿಲ್ಲ, ಓದಂಗಿಲ್ಲ."

ಹಿಂದಿನ ಸೀಟಿನಲ್ಲಿ ಅನಘಾ ಕಿವಿಯಿಂದ ಇಯರ್‌ಫೋನ್ ತೆಗೆದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಅವಳನ್ನು ಹಾಸ್ಟೆಲಿಗೆ ಬಿಟ್ಟು ಬಂದೆವು. ಇಡೀ ಮಹಡಿಯಲ್ಲಿ ಡೆಟ್ರಾಯಿಟಿನವರೇ ತುಂಬಿದ್ದರು, ಅವಳು ಮೊದಲ ದಿನವೇ ಬಾಗಿಲಿಗೆ ಶಿಕಾಗೋ ಜೆರ್ಸಿ ತೂಗುಹಾಕಿದಳು. ಸೆಪ್ಟೆಂಬರ್ ಬಂತು. ನಾನು ಮಾತಿನಂತೆ ಟಿವಿ ಹಾಕಲಿಲ್ಲ. ಭಾನುವಾರ ಸಂಜೆ ಊಟಕ್ಕೆ ಕುಳಿತಾಗ ಫೋನ್ ಬಂತು. ಶೈಲಾ ಸ್ಪೀಕರ್ ಒತ್ತಿ ಟೇಬಲ್ ಮೇಲಿಟ್ಟಳು.

"ಅಪ್ಪ, ನೀವು ನೋಡಬಾರ್ದು, ಓದಬಾರ್ದು. ಕೇಳಬಾರ್ದು ಅಂತ ಯಾರೂ ಹೇಳಿಲ್ಲ, ರೈಟ್? ನಾನು ಓದ್ತೀನಿ." ಆ ಕಡೆ ಕಾಗದ ಸರಿದ ಸದ್ದಾಯಿತು. ಆಮೇಲೆ ಒಂದೊಂದೇ ಮಾತನ್ನು ಹುಡುಕಿ ಜೋಡಿಸಿದಳು. "ಇವತ್ತು... ನಮ್ಮ ದ್ವಾರಪಾಲಕರು... ಬಾಗಿಲು ತೆರೆದು ಇಟ್ಟರು. ಸೂತ್ರಧಾರ ಹಾಸಿಗೆ ಹಿಡಿದಿದ್ದಾನೆ. ನಾವು ಸೋತೆವು, ಅಪ್ಪ."

ನಾನು ತಲೆ ತಗ್ಗಿಸಿ ತಟ್ಟೆ ನೋಡಿದೆ. ತಟ್ಟೆಯಲ್ಲಿ ಹಾಗಲಕಾಯಿ ಗೊಜ್ಜಿತ್ತು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

"ಅಷ್ಟು ಕಹಿನಾ ರೀ?" ಎಂದಳು ಶೈಲಾ.

ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ, ಮಗಳು ಇನ್ನೂ ಓದುತ್ತಿದ್ದಳಲ್ಲ ಎಂದು, ಏಳಲು ಮನಸ್ಸಾಗದೆ ಇನ್ನೊಂದು ಸೌಟು ನಾನೇ ಬಡಿಸಿಕೊಂಡೆ.