ಹತ್ತದ ಕರ್ಪೂರ

ಸಂಕರ್ಷಣ ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಸ್ನಾನ ಮುಗಿಸಿ ತನ್ನ ಸೆರಾಮಿಕ್ ಬಿಲ್ಲೆಯನ್ನು ದೇವರ ಮುಂದೆ ಇಟ್ಟು, ಶರ್ಟಿಗೆ ಇಸ್ತ್ರಿ ಮಾಡಿಕೊಳ್ಳಲು ಮಹಡಿಗೆ ಹೋದ. ಮುಳಬಾಗಿಲಿನ ಅರ್ಚಕರ ಮನೆಯವನು. ಹಾಲ್ ಟಿಕೆಟ್ಟಿನಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಯಾವುದನ್ನೂ ದೇವರಿಗೆ ತೋರಿಸದೆ ಬಳಸಿದವನಲ್ಲ. ಆದರೆ ಈ ದೇವರಮನೆ ಅವನದಲ್ಲ. ಮಾಲೂರಿನಲ್ಲಿ ಅವನಿಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದ ಅನಸೂಯಮ್ಮನದು.

ಬಿಲ್ಲೆ ಉಗುರಿನಷ್ಟು ಅಗಲ, ಅಚ್ಚ ಬಿಳುಪು. ಎರಡು ಬಗೆಯ ಸೆರಾಮಿಕ್ ಪುಡಿ ಬೆರೆಸಿ, ಒತ್ತಿ, ಕುಲುಮೆಯಲ್ಲಿ ಸುಟ್ಟಿದ್ದು. ಒಳಗೆ ಕಣ್ಣಿಗೆ ಕಾಣದ ಸಾವಿರಾರು ವಲಯಗಳು, ಒಂದೊಂದರ ವಿದ್ಯುತ್ತೂ ಒಂದೊಂದು ದಿಕ್ಕಿಗೆ. ಅವು ಹೇಗೆ ಕೂತಿರುತ್ತವೆಂದು ಸಂಕರ್ಷಣ ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿದ್ದ. ಬೆಂಗಳೂರಿನ ಲ್ಯಾಬಿನ ಯಂತ್ರ ತೆಗೆಯುವ ಚಿತ್ರ ಅದಕ್ಕೆ ಹೊಂದಬೇಕು. ಮೂರು ಬಿಲ್ಲೆಗಳಲ್ಲಿ ಹೊಂದಿರಲಿಲ್ಲ. ಮಾದರಿ ಏರಿಗೆಳೆದರೆ ಚಿತ್ರ ನೀರಿಗೆಳೆಯುತ್ತಿತ್ತು. ಉಳಿದಿದ್ದು ಇದೊಂದೇ. ಇವತ್ತು ಹನ್ನೊಂದಕ್ಕೆ ಆ ಯಂತ್ರದಲ್ಲಿ ಅವನ ಸರದಿ. ತಪ್ಪಿದರೆ ಇನ್ನು ಆರು ತಿಂಗಳು, ಅಲ್ಲಿಯವರೆಗೆ ಪಿಎಚ್‌ಡಿಯೂ ಇಲ್ಲ.

ಕೆಳಗಿಳಿದು ಬಂದರೆ ಬಿಲ್ಲೆ ಮಾಯ!

“ಅಮ್ಮ ಗಂಗುಲಪ್ಪನ ಅಂಗ್ಡಿಗೆ ಜಗಳಕ್ಕೆ ಹೋದ್ರು,” ಎಂದಳು ಅನಸೂಯಮ್ಮನ ಮಗಳು ಸುನಂದ. “ಕರ್ಪೂರ ಹತ್ತಲೇ ಇಲ್ಲ ನೋಡಿ. ಒಂದು ಬೆಂಕಿಪೊಟ್ಟಣ ಪೂರ್ತಿ ಖಾಲಿ! ಕೊನೆಗೆ ಇಕ್ಕಳದಲ್ಲಿ ಹಿಡ್ಕೊಂಡು ತುಪ್ಪದ ದೀಪದ ಮೇಲೂ ಕಾಯ್ಸಿದ್ರು. ಊಹೂಂ.”

ಕರ್ಪೂರವೆಂದು ಕಾಯಿಸಿದ್ದು ತನ್ನ ಬಿಲ್ಲೆಯನ್ನೇ ಎಂದು ಸಂಕರ್ಷಣನಿಗೆ ಹೊಳೆಯಿತು. ಶರ್ಟಿಗೆ ಒಂದೇ ತೋಳು ತೂರಿಸಿಕೊಂಡು ಓಡಿದ.

ಅಂಗಡಿ ಮುಂದೆ ಜನ ಸೇರಿದ್ದರು. “ಸುಣ್ಣದ ಬಿಲ್ಲೇನ ಕರ್ಪೂರ ಅಂತ ಮಾರ್ತೀಯೇನಯ್ಯಾ?” ಅನಸೂಯಮ್ಮ ಕೂಗಾಡುತ್ತಿದ್ದರು.

“ಏಮಿಟಮ್ಮಾ ಇದಿ, ಏನಿದು! ಇಪ್ಪತ್ತು ವರ್ಷದಿಂದ ಇಂಥಾ ಮಾಲು ನನ್ ಅಂಗ್ಡೀಗೆ ಬಂದೇ ಇಲ್ಲ.”

ಹಾಲು ಕೊಳ್ಳಲು ಬಂದಿದ್ದ ಕೋದಂಡರಾಮಪ್ಪ ಮೇಷ್ಟ್ರು ಬಿಲ್ಲೆಯನ್ನು ಮೂಸಿ, ನಾಲಿಗೆಗೆ ಸೋಕಿಸಿ, “ಉಪ್ಪಂತೂ ಅಲ್ಲ,” ಎಂದು ತೀರ್ಪು ಕೊಟ್ಟರು.

“ಕೊಡಿ ಇಲ್ಲಿ, ಪುಡಿ ಮಾಡಿ ನೋಡೇಬಿಡಾಣ,” ಎಂದು ಗಂಗುಲಪ್ಪ ಅದನ್ನು ಕಟ್ಟೆಯ ಮೇಲಿಟ್ಟು ಒಂದು ಕೆಜಿ ತೂಕದ ಕಲ್ಲು ಎತ್ತಿದ.

“ಒಡೀಬೇಡಿ! ಅದು ನನ್ ಪಿಎಚ್‌ಡಿ!” ಸಂಕರ್ಷಣ ಹಾರಿ ಬಿಲ್ಲೆ ಕಿತ್ತುಕೊಂಡ.

ಗಂಗುಲಪ್ಪ ಕಲ್ಲು ಇಳಿಸಿ ಕೇಳಿದ: “ಐದು ವರ್ಷ ಓದಿದ್ದು ಇಷ್ಟೇನಾ ಸ್ವಾಮಿ?”

ಸಂಕರ್ಷಣ ಆಗಲೇ ಸ್ಟೇಷನ್ನಿನ ಕಡೆ ಓಡುತ್ತಿದ್ದ. ಬೆಂಗಳೂರಿನ ರೈಲು ಹೊರಡುವ ಹೊತ್ತಿಗೆ ಬಾಗಿಲ ಕಂಬಿ ಹಿಡಿದಿದ್ದ. ದಾರಿಯುದ್ದಕ್ಕೂ ಬಿಲ್ಲೆಯ ಮಸಿ ಒರೆಸಿದ, ಕಂಡ ದೇವರಿಗೆಲ್ಲ ಹರಕೆ ಹೊತ್ತ.

ಸಂಜೆ ನಾಲ್ಕಕ್ಕೆ ಚಿತ್ರ ಬಂತು. ಪಕ್ಕದಲ್ಲಿ ಮಾದರಿ ಇಟ್ಟು ನೋಡಿದರೆ ಎರಡೂ ಅವಳಿ ಮಕ್ಕಳು! ಸಂಕರ್ಷಣನಿಗೆ ಹೋದ ಜೀವ ಬಂದಂತಾಯಿತು. ಐದು ವರ್ಷದ ಭಾರ ಇಳಿದ ಸುಖಕ್ಕೆ ಕಣ್ಣು ತುಂಬಿತು.

“ಭೇಷ್!” ಗೈಡ್ ಮೃದುಲಾ ಮೇಡಂ ಚಪ್ಪಾಳೆ ತಟ್ಟಿದರು. “ಇದನ್ನ ಮತ್ತೆ ಕಾಯಿಸಿ ಆರಿಸಿದೀರಿ, ಅಲ್ವಾ? ಹಳೇ ವಲಯಗಳೆಲ್ಲ ಅಳಿಸಿಹೋಗಿ ಹೊಸದಾಗಿ ಕೂತಿವೆ. ಅದಕ್ಕೇ ಹೊಂದಿದೆ! ಎಷ್ಟು ಡಿಗ್ರಿ, ಎಷ್ಟು ಹೊತ್ತು, ಬರೆದು ಕೊಡಿ. ಅದೇ ಥರ ಇನ್ನೂ ಒಂಬತ್ತು ಬಿಲ್ಲೆ ಮಾಡಿ ತೋರಿಸಿ. ಆಮೇಲೆ ಥೀಸಿಸ್.”

ಸಂಕರ್ಷಣ ಮೆಲ್ಲಗೆ ಹೊರಗೆ ಬಂದು ಅನಸೂಯಮ್ಮನಿಗೆ ಫೋನ್ ಮಾಡಿದ.

“ಅಮ್ಮಾ, ಬೆಳಿಗ್ಗೆ ಬಿಲ್ಲೇನ ದೀಪದ ಮೇಲೆ ಎಷ್ಟೊತ್ತು ಹಿಡಿದಿದ್ರಿ?”

“ಆರತಿ ಹಾಡು ಮುಗಿಯೋವರ್ಗೂ.”

“ಅಂದ್ರೆ ಎಷ್ಟು ನಿಮಿಷ?”

“ಹಾಡೋವಾಗ ಗಡಿಯಾರ ಯಾರಪ್ಪಾ ನೋಡ್ತಾರೆ?”

“ಹಾಗಾದ್ರೆ ಇನ್ನೊಂದ್ ಒಂಬತ್ತು ಸಲ ಹಿಡಿದು ತೋರಿಸ್ತೀರಾ ಅಮ್ಮಾ?”

“ಅಯ್ಯೋ, ಬೇಡ ಕಣಪ್ಪಾ! ನಿನ್ ಓದಿನ ಸಾಮಾನಿಗೆ ಬೆಂಕಿ ಇಟ್ಟ ಪಾಪ ಇಷ್ಟೇ ಸಾಕು. ದೇವ್ರಿಗೆ ತಪ್ಪುಕಾಣಿಕೆ ಕಟ್ಟಿಟ್ಟು, ಇನ್ಮೇಲೆ ಜನ್ಮದಲ್ಲಿ ಅದನ್ನ ಮುಟ್ಟಲ್ಲ ಅಂತ ಈಗ ತಾನೇ ದೀಪ ಮುಟ್ಟಿ ಆಣೆ ಮಾಡಿದೀನಿ!”