ಎಸ್.ಡಿ.ಪಿ.ವಿ. ಕಂಪನಿಯ ಸೈಕಲ್ಲು

ನೆರೂಳದ ನವಚೇತನ ಸೊಸೈಟಿಯ ನೋಟೀಸು ಬೋರ್ಡಿಗೆ ಅರ್ಧ ಹಾಳೆಯ ಕಾಗದವೊಂದು ಅಂಟದೇ ಇದ್ದಿದ್ದರೆ, ರಘುಪತಿಯ ಭಾನುವಾರ ನೀರುದೋಸೆ ತಿಂದು ಮಲಗುವುದರಲ್ಲೇ ಮುಗಿದುಹೋಗುತ್ತಿತ್ತು.

ಕಾಗದ ಸೆಕ್ರೆಟರಿ ಕಮಲಾಕ್ಷರದ್ದು. ‘ಸ್ಟ್ಯಾಂಡಿನಲ್ಲಿ ಓಡದೆ ನಿಂತಿರುವ ಸೈಕಲ್ಲುಗಳನ್ನು ಭಾನುವಾರ ಸಂಜೆ ಐದಕ್ಕೆ ಭಂಗಾರದವನಿಗೆ ಕೊಡಲಾಗುವುದು. ಐವತ್ತು ವರ್ಷಕ್ಕೂ ಹಳೆಯದಾಗಿದ್ದು, ತಯಾರಕರ ಹೆಸರು ಹಾಗೂ ಇಸವಿ ರುಜುವಾತಾದರೆ, ಪಾರಂಪರಿಕ ವಸ್ತುವೆಂದು ವಿನಾಯಿತಿ.’

ಮರಾಠಿಯ ಭಂಗಾರಕ್ಕೂ ಕನ್ನಡದ ಬಂಗಾರಕ್ಕೂ ನಡುವೆ ಇರುವುದು ಒಂದೇ ಉಸಿರು. ಅದು ಗುಜರಿ, ಇದು ಚಿನ್ನ. ಸ್ಟ್ಯಾಂಡಿನ ಮೂಲೆಯಲ್ಲಿ ಗೋಡೆಗೊರಗಿ ನಿಂತಿದ್ದ ಕಪ್ಪು ಸೈಕಲ್ಲು ಸೊಸೈಟಿಗೆ ಮೊದಲನೆಯದು, ರಘುಪತಿಗೆ ಎರಡನೆಯದು. ಅದು ಅವನ ಅಪ್ಪನ ಸೈಕಲ್ಲು. ಅಪ್ಪ ಠಾಣೆಯ ಫ್ಯಾಕ್ಟರಿಗೆ ಮೂವತ್ತೈದು ವರ್ಷ ತುಳಿದದ್ದು ಅದನ್ನೇ. ರಘುಪತಿ ಮೊದಲ ದಿನ ಶಾಲೆಗೆ ಅತ್ತುಕೊಂಡು ಹೋದದ್ದು ಅದರ ಮುಂದಿನ ದಂಡಿಗೆಯ ಮೇಲೆ. ಅಪ್ಪ ತೀರಿಕೊಂಡ ಮೇಲೆ ಅವರ ಅಂಗಿಗಳನ್ನೆಲ್ಲ ಹೆಂಡತಿ ವನಮಾಲಾ ಹಳೇಬಟ್ಟೆಗೆ ಪಾತ್ರೆ ಕೊಡುವವಳಿಗೆ ಕೊಟ್ಟು ಮೂರು ಸ್ಟೀಲು ಡಬ್ಬಿ ತಗೊಂಡಾಗಿತ್ತು. ಅಪ್ಪನದು ಅಂತ ಉಳಿದದ್ದು ಇದೊಂದೇ.

“ಮನೆ ಒಳಗೆ ತಂದಿಡುವಾ ಅಂತ ಮಾತ್ರ ಹೇಳ್ಬೇಡಿ. ಒಂದೋ ಸೈಕಲ್ಲು, ಒಂದೋ ನಾನು. ಡಬಲ್ ಸೀಟ್ ಆಗ್ಲಿಕ್ಕಿಲ್ಲ” ಎಂದಳು ವನಮಾಲಾ.

ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೇ ರಘುಪತಿ ಬನಿಯನ್ನು ತೊಟ್ಟು ಸ್ಟ್ಯಾಂಡಿಗೆ ಇಳಿದ. ಮುಂಭಾಗದಲ್ಲಿ ಕಂಪನಿಯ ಬಿಲ್ಲೆ ಇರಬೇಕಾದ ಕಡೆ ನತ್ತು ಕಳೆದ ಮೂಗಿನ ಹಾಗೆ ಬರೀ ತೂತು. ಸೀಟಿನ ಚರ್ಮದ ಮೇಲೆ ಏನೋ ಬರೆದಿತ್ತು, ಅದನ್ನು ಇಲಿ ಓದಿ ಮುಗಿಸಿತ್ತು. ಸೈಕಲ್ಲಿಗೂ ಚೈನಿಲ್ಲ, ರಘುಪತಿಗೂ ಚೈನಿಲ್ಲ.

ಮಗಳು ಸಂಜನಾ ಹಲ್ಲುಜ್ಜುತ್ತಲೇ ಬಂದು ನಾಲ್ಕು ಫೋಟೋ ಹೊಡೆದು ಫೋನನ್ನು ಕೇಳಿದಳು. “ಪಪ್ಪಾ, ಹ್ಯಾಂಡಲ್ ಏಕ್ ಕಂಪನಿ ಕಾ, ಬ್ರೇಕ್ ದೂಸ್ರೀ ಕಾ, ಪೆಡಲ್ ತೀಸ್ರೀ ಕಾ. ಯೇ ಸೈಕಲ್ ನಹೀಂ, ಗಠಬಂಧನ್ ಹೈ” ಎಂದು, ಸೈಕಲ್ಲಲ್ಲ ಇದು ಮೈತ್ರಿಕೂಟ ಅಂತ ವರದಿ ಒಪ್ಪಿಸಿ ಬಾಯಿ ತೊಳೆಯಲು ಹೋದಳು.

“ಗಠಬಂಧನ ನಡೆಯುವುದಿಲ್ಲ” ಎಂದು ಹಿಂದಿನಿಂದ ಕಮಲಾಕ್ಷರ ಸ್ವರ ಬಂತು. ಕಂಕುಳಲ್ಲಿ ರಿಜಿಸ್ಟರು, ಕಿವಿಯಲ್ಲಿ ಪೆನ್ನು. ಈ ಮನುಷ್ಯ ಹೆಂಡತಿಯ ಹತ್ತಿರ ಉಪ್ಪು ಕೇಳಿದರೂ ಠರಾವು ಮಂಡಿಸಿದ ಹಾಗೇ ಇರುತ್ತಿತ್ತು. “ತಯಾರಕರು ಅಂತ ಕಾಲಮ್ಮು ಒಂದೇ ಇರುವುದರಿಂದ, ಹೆಸರೂ ಒಂದೇ ಇರತಕ್ಕದ್ದು.”

ಅಷ್ಟರಲ್ಲಿ ಎರಡನೇ ಮಾಳಿಗೆಯ ತಾರಾನಾಥ ಇಳಿದು ಬಂದರು. ತುರ್ಭೆಯಲ್ಲಿ ಹೋಟೆಲು ನಡೆಸಿ, ಈಗ ಅದನ್ನು ಮಗನಿಗೆ ವಹಿಸಿ, ಸೊಸೈಟಿಯವರ ಸಮಸ್ಯೆಗಳನ್ನು ತಾವು ವಹಿಸಿಕೊಂಡವರು.

“ಫ್ರೇಮಿನ ಮೇಲೆ ನಂಬ್ರ ಇರ್ತದೆ ಮಾರಾಯ್ರೆ, ಸೀಟಿನ ಕೆಳಗೆ” ಎಂದರು. “ಬಣ್ಣ ಎಬ್ಬಿಸ್ಬೇಕು.”

ಬಣ್ಣ ಎಬ್ಬಿಸುವುದು ಹುಡುಗಾಟವಾಗಿರಲಿಲ್ಲ. ಅಪ್ಪ ಪ್ರತಿ ಆಯುಧಪೂಜೆಗೆ ಒಂದು ಕೋಟು ಕಪ್ಪು ಬಳಿಯುತ್ತಿದ್ದರು. ಕಬ್ಬಿಣಕ್ಕಿಂತ ಬಣ್ಣವೇ ದಪ್ಪವಾಗಿತ್ತು. ಉಪ್ಪುಕಾಗದ ಸವೆಯಿತು, ರಘುಪತಿಯ ಎರಡು ಉಗುರೂ ಸವೆದವು.

“ಬಿಡಿ, ಬಿಡಿ! ಮೂವತ್ತು ವರ್ಷ ದೋಸೆ ಕಾವಲಿಯ ಎದುರು ನಿಂತವ ನಾನು. ಹತ್ತಿದ್ದನ್ನು ಎಬ್ಬಿಸುವುದು ನನಗೆ ಹೇಳಿಕೊಡ್ತೀರಾ? ಎಣ್ಣೆ ಬಿಟ್ಟು, ಅರ್ಧ ನೀರುಳ್ಳಿ ಹಾಕಿ ಉಜ್ಜಿ, ಸಟ್ಟುಗದಲ್ಲಿ ಒಂದೇ ಎಳೆತ!”

ವನಮಾಲಾಳ ಅಡಿಗೆಮನೆಯಿಂದ ಸಟ್ಟುಗವೂ ಒಂದು ಕಿಲೋ ನೀರುಳ್ಳಿಯೂ ಅವಳಿಗೆ ಗೊತ್ತಾಗದಂತೆ ಕೆಳಗಿಳಿದವು. ಹನ್ನೆರಡು ಗಂಟೆಯ ಹೊತ್ತಿಗೆ ಮೂವರೂ ಸೈಕಲ್ಲನ್ನು ಅಂಗಾತ ಮಲಗಿಸಿ, ಸುತ್ತ ಕುಕ್ಕರುಗಾಲಲ್ಲಿ ಕೂತು, ಧಾರಾಕಾರವಾಗಿ ಅಳುತ್ತಿದ್ದರು.

ಸಿ ವಿಂಗಿನ ಮರಾಠಿ ಅಜ್ಜಿ ದಾಟಿ ಹೋಗುತ್ತಿದ್ದವರು ಇದನ್ನು ಕಂಡು ಚಪ್ಪಲಿ ಬಿಟ್ಟು ನಿಂತರು. “ಅರೆರೇ, ಕೋಣ್ ಗೇಲಂ?” ಎಂದು ಕೇಳಿದರು, ಯಾರು ಹೋದರು ಅಂತ.

ರಘುಪತಿ ಮಾತಾಡಲಾರದೆ ಮಲಗಿದ್ದ ಸೈಕಲ್ಲಿನ ಕಡೆ ಕೈ ತೋರಿಸಿದ. ಅಜ್ಜಿ ಅದಕ್ಕೇ ಕೈ ಮುಗಿದರು. “ವಯ ಕಿತೀ ಹೋತಂ?” ವಯಸ್ಸೆಷ್ಟಾಗಿತ್ತು?

“ತೇಚ್ ತರ್ ಶೋಧತೋಯ್, ಆಜಿ!” ಎಂದು ಬಿಕ್ಕಿದ ರಘುಪತಿ. ಅದನ್ನೇ ಹುಡುಕ್ತಾ ಇದ್ದೇವೆ.

ಅಜ್ಜಿ ಹೋಗಿ ಹೇಳಿದರೋ ಏನೋ, ಒಂದು ಗಂಟೆಗೆ ಎ ವಿಂಗಿನಿಂದ ಹೂವಿನ ಹಾರ ಬಂತು. ಎರಡಕ್ಕೆ ವನಮಾಲಾ ಸ್ವತಃ ಬಂದಳು, ಸಟ್ಟುಗ ಹುಡುಕಿಕೊಂಡು. ಮಧ್ಯಾಹ್ನದ ಸಾಂಬಾರಿಗೆ ನೀರುಳ್ಳಿ ಇಲ್ಲ, ಮಗುಚಲು ಸಟ್ಟುಗ ಇಲ್ಲ. ಗಂಡ ಮಾತ್ರ ಹಾರ ಹಾಕಿದ ಸೈಕಲ್ಲಿನ ಪಕ್ಕ ಮುಖಕ್ಕೆಲ್ಲ ಮಸಿ ಬಳಿದುಕೊಂಡು ಇದ್ದ. “ಆ ಹಾರ ತೆಗೀಬೇಡಿ. ಸಂಜೆ ನಿಮಗೇ ಬೇಕಾದೀತು” ಎಂದು ಹೇಳಿ ಹೋದಳು.

ನಾಲ್ಕೂಕಾಲಿಗೆ ಭಂಗಾರದ ಟೆಂಪೋ ಗೇಟಿಗೆ ಬಂದು ಹಾರ್ನು ಹೊಡೆಯಿತು. ಇನ್ನು ಮುಕ್ಕಾಲು ಗಂಟೆಯಲ್ಲಿ ಅಪ್ಪ ಎರಡನೇ ಸಲ ಹೋಗುವವರಿದ್ದರು.

ಆಗ ಜಿನೆಯ ಮೆಟ್ಟಿಲು ಗುಡಿಸಿ ಬಂದ ಕೆಲಸದಾಕೆ ಬಾಗಿ ಪೊರಕೆ ಹಿಡಿದೇ ಬಗ್ಗಿ ನೋಡಿದಳು. ಬಾಗಲಕೋಟೆ ಕಡೆಯವಳು, ಸೊಸೈಟಿಯ ಅರ್ಧ ಮನೆಗಳ ಪಾತ್ರೆ ತಿಕ್ಕುವವಳು. “ಸಾಹೇಬ್ರ, ಇಲ್ಲಿ ನೋಡ್ರಿ. ಭಾಂಡಿ ಮ್ಯಾಲ ಹೆಸರ ಹಾಕಿದಂಗ ಚುಕ್ಕಿ ಚುಕ್ಕಿ ಅದಾವ.”

“ನೀನು ಸುಮ್ಮನಿರು ಬಾಗಿ, ಇದು ಎಂಜಿನಿಯರಿಂಗ್” ಎಂದ ರಘುಪತಿ. ಆದರೂ ಸಟ್ಟುಗ ಅಲ್ಲಿಗೇ ಓಡಿತು. ಸೀಟಿನ ಕೆಳಗಿನ ಕೊಳವೆಯಲ್ಲಿ, ಬಣ್ಣ ಎದ್ದ ಕಡೆ, ಚುಕ್ಕಿ ಹೊಡೆದು ಕೆತ್ತಿದ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಕಣ್ಣು ಬಿಟ್ಟವು: ಎಸ್.ಡಿ.ಪಿ.ವಿ. 1958.

“ಸಿಕ್ಕಿತು!” ರಘುಪತಿ ಹಾರಿದ ರಭಸಕ್ಕೆ ಕಮಲಾಕ್ಷರ ಬಿಳಿ ಅಂಗಿಯ ಮೇಲೆ ಐದೂ ಬೆರಳು ಮೂಡಿದವು. “ಅರುವತ್ತು ದಾಟಿದೆ! ಎಸ್ ಅಂದ್ರೆ ಸ್ಟ್ಯಾಂಡರ್ಡ್, ಡಿ ಡೀಲಕ್ಸ್, ಪಿ ಪೆಡಲ್...”

“ವಿ?” ಎಂದರು ಕಮಲಾಕ್ಷ.

“ವಿಲಾಯತಿ!”

ತಾರಾನಾಥ ಕಣ್ಣೊರೆಸಿ, ಕನ್ನಡಕ ಹಾಕಿ, ಆ ಅಕ್ಷರಗಳನ್ನು ನೋಡಿದರು. ತೆಗೆದು ಒರೆಸಿ ಮತ್ತೆ ನೋಡಿದರು. ಗಿರಾಕಿ ತಾನಾಗಿ ಎರಡನೇ ಪ್ಲೇಟು ಕೇಳಿದಾಗ ಹೋಟೆಲಿನವರ ಮುಖಕ್ಕೆ ಬರುವ ಶಾಂತಿ ಅವರ ಮುಖಕ್ಕೆ ಬಂತು.

“ಅಲ್ಲ ರಘುಪತಿಯವರೇ, ಈ ಕೆತ್ತಿದ್ದು ನಿಜವೇ ಅಂತ ಹೇಗೆ ಹೇಳುವುದು?”

“ಕಬ್ಬಿಣದ ಮೇಲೆ ಕೆತ್ತಿದ್ದು ಸುಳ್ಳು ಹೇಳ್ತದಾ? ಎಂತ ಮಾತು ನಿಮ್ಮದು! ಬರ್ಕೊಳ್ಳಿ ಕಮಲಾಕ್ಷರೇ, ನಾನು ಸೈನ್ ಹಾಕ್ತೇನೆ.”

“ಒಮ್ಮೆ ಬರೆದ ಮೇಲೆ ಹೊಡೆದು ಹಾಕ್ಲಿಕ್ಕೆ ಆಗ್ತದಾ?” ಎಂದರು ತಾರಾನಾಥ ಮೆಲ್ಲಗೆ.

“ಮಹಾಸಭೆ ಕರೆಯತಕ್ಕದ್ದು. ಕೋರಮ್ಮು ಆಗತಕ್ಕದ್ದು. ನಮ್ಮಲ್ಲಿ ಕೋರಮ್ಮು ಆದದ್ದು ಹನ್ನೊಂದು ವರ್ಷದ ಹಿಂದೆ, ಅದೂ ಹೋಳಿಗೆ ಇದೆ ಅಂತ.”

ರಿಜಿಸ್ಟರು ತೆರೆಯಿತು. ತಯಾರಕರು, ಇಸವಿ. ಕೆಳಗೆ ಅರ್ಜಿದಾರರ ಮುಚ್ಚಳಿಕೆ. ಅದನ್ನು ಓದುವ ವ್ಯವಧಾನ ಯಾರಿಗಿತ್ತು? ಗೇಟಿನಲ್ಲಿ ಟೆಂಪೋ ಇತ್ತು. ರಘುಪತಿ ಮಸಿ ಕೈಯಲ್ಲೇ ಸಹಿ ಹಾಕಿದ. ಠಸ್ಸೆ ಬಿತ್ತು. ಟೆಂಪೋ ಉಳಿದ ಸೈಕಲ್ಲುಗಳನ್ನು ಹೇರಿಕೊಂಡು ಹೋಯಿತು. ರಘುಪತಿ ಈಗ ನೀರುಳ್ಳಿಯ ಸಹಾಯವಿಲ್ಲದೇ ಅತ್ತ.

“ಜಯಲತಾ!” ತಾರಾನಾಥ ಮೇಲೆ ನೋಡಿ ಹೆಂಡತಿಯನ್ನು ಕೂಗಿದರು. “ಎಲ್ಲರಿಗೂ ಚಾ ತಾ. ಅಟ್ಟದ ಮೇಲಿನ ಹಿತ್ತಾಳೆ ಲೋಟದಲ್ಲಿ!”

ಚಾ ಬಂತು. ಬಾಗಿ ತನ್ನ ಪಾಲಿನದನ್ನು ಎರಡು ಗುಟುಕಿಗೆ ಮುಗಿಸಿ, ಅಭ್ಯಾಸಬಲದಿಂದ ಲೋಟವನ್ನು ತಿರುಗಿಸಿ ನೋಡಿದಳು. “ಅಯ್ಯ ಶಿವನ! ಈ ಲೋಟಾನೂ ಅದ ಕಂಪನೀದೇನ್ರಿ?”

ರಘುಪತಿ ತನ್ನ ಲೋಟ ನೋಡಿದ. ಎಸ್.ಡಿ.ಪಿ.ವಿ. ಕಮಲಾಕ್ಷ ತಮ್ಮದನ್ನು ನೋಡಿದರು. ಎಸ್.ಡಿ.ಪಿ.ವಿ.

“ಶ್ರೀ ದುರ್ಗಾಪರಮೇಶ್ವರಿ ವಿಲಾಸ, ಠಾಣೆ” ಎಂದರು ತಾರಾನಾಥ, ಭಕ್ತಿಯಿಂದ. “ನನ್ನ ಅಪ್ಪನ ಹೋಟೆಲು. ಗಿರಾಕಿಗಳು ಲೋಟ ಎತ್ಕೊಂಡು ಹೋಗ್ತಾರೆ ಅಂತ ಚುಕ್ಕಿ ಹೊಡೆಯುವವನನ್ನು ಕೂರಿಸಿ ಎಲ್ಲದಕ್ಕೂ ಹೆಸರು ಹಾಕಿಸಿದ್ರು. ಲೋಟ, ಕೊಳದಪ್ಪಲೆ, ಹಾಲು ತರುವ ಸೈಕಲ್ಲು. ಅಂದ ಹಾಗೆ, ಫ್ಯಾಕ್ಟರಿಗೆ ಸೇರುವ ಮೊದಲು ನಿಮ್ಮ ಅಪ್ಪ ಎಲ್ಲಿದ್ದದ್ದು?”

“ಠಾಣೆಯಲ್ಲಿ... ಯಾವುದೋ ಹೋಟೆಲಿನ ಕ್ಯಾಶ್ ಗಲ್ಲೆಯಲ್ಲಿ...” ರಘುಪತಿಯ ಸ್ವರ ಲೋಟದೊಳಗೆ ಇಳಿಯಿತು.

“ಹಾಂ. ‘ಹೊಸ ಕೆಲಸಕ್ಕೆ ಹೋಗ್ಲಿಕ್ಕೆ ಒಂದು ವಾರಕ್ಕೆ ಸೈಕಲ್ಲು ಕೊಡಿ ಧನಿಗಳೇ’ ಅಂತ ಕೇಳಿ ತಗೊಂಡು ಹೋದವರು ಯಾರೋ ಇದ್ರು ಅಂತ ಅಪ್ಪ ಸಾಯುವವರೆಗೆ ಹೇಳ್ತಿದ್ರು. ನಿಮ್ಮ ಅಪ್ಪ ಕದ್ದರು ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ವಾರ ಮುಗೀಲಿಲ್ಲ, ಅಷ್ಟೆ.”

“ಲೋಟದ ಮೇಲೆ ಹಾಕಿದ್ದು ಮಾಲಕರ ಹೆಸರಾದರೆ, ಸೈಕಲ್ಲಿನ ಮೇಲೆ ಹಾಕಿದ್ದೂ ಮಾಲಕರ ಹೆಸರೇ” ಎಂದು ಕಮಲಾಕ್ಷ ಪೆನ್ನು ತೆಗೆದರು.

“ಹಾಗಾದ್ರೆ ತಯಾರಕರು ಸಿಗಲಿಲ್ಲ! ರಿಜಿಸ್ಟರಿನಲ್ಲಿ ಹೊಡೆದು ಹಾಕಿ!” ಎಂದು ರಘುಪತಿ ಕೂಗಿದ.

“ಅದಕ್ಕೆ ಮಹಾಸಭೆ. ಮಾಲಕರ ಕಾಲಮ್ಮು ಮಾತ್ರ ಖಾಲಿಯಿದೆ. ತುಂಬಬಹುದು.” ತಾರಾನಾಥರ ಹೆಸರು ತುಂಬಿದರು. ಆಮೇಲೆ ಗಂಟಲು ಸರಿಮಾಡಿ ಮುಚ್ಚಳಿಕೆ ಓದಿದರು. “ಪಾರಂಪರಿಕ ಸೈಕಲ್ಲನ್ನು ಪ್ರತಿ ಭಾನುವಾರ ತೊಳೆದು, ಎಣ್ಣೆ ಹಾಕಿ, ಪಳಪಳ ಇಡುವ ಹೊಣೆ ಆಜೀವ ಪರ್ಯಂತ ಅರ್ಜಿದಾರರದ್ದು. ಸಹಿ, ರಘುಪತಿ.”

ಮುಂದಿನ ಭಾನುವಾರ ಬೆಳಿಗ್ಗೆ ರಘುಪತಿ ಬಕೆಟು, ಬಟ್ಟೆ ಹಿಡಿದು, ಹೊಸ ಚೈನು ಬಿದ್ದಿದ್ದ ಸೈಕಲ್ಲಿನ ಎದುರು ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಎರಡನೇ ಮಾಳಿಗೆಯ ಬಾಲ್ಕನಿಯಿಂದ ತಾರಾನಾಥರ ತಲೆ ಹೊರಬಂತು.

“ರಘುಪತಿಯವರೇ, ಸ್ವಲ್ಪ ಬೇಗ ಬೇಗ ಆಗ್ಲಿ. ಹನ್ನೊಂದು ಗಂಟೆಗೆ ನಾನು ಒಂದು ರೌಂಡ್ ಹೋಗುವವ!”